ಆರು ಸೀರೆ ದೂರದ ಜಿಂಕೆ

ನಮ್ಮ ಅಡುಗೆಮನೆಯ ಗೋಡೆಯ ಮೇಲೆ ಐದು ಮರದ ಸೌಟುಗಳು ಸಾಲಾಗಿ ನೇತಾಡುತ್ತವೆ. ಬಂದವರೆಲ್ಲ "ಎಷ್ಟು ಚೆನ್ನಾಗಿವೆ ಚಂದ್ರಪ್ರಭಾ, ಎಲ್ಲಿ ತಗೊಂಡ್ರಿ?" ಎಂದು ಕೇಳುತ್ತಾರೆ. ತಗೊಂಡದ್ದಲ್ಲ, ಸಂಪಾದಿಸಿದ್ದು. ನನ್ನ ಗಂಡ ಡಾಕ್ಟರ್ ದಿವಾಕರ ಎರಡು ಸಾವಿರದ ಒಂದರಿಂದ ಐದರವರೆಗೆ, ಒಂದು ವರ್ಷವೂ ತಪ್ಪದೆ, ತಮ್ಮ ಬಿಲ್ಲುಗಾರರ ಕ್ಲಬ್ಬಿನ ವಾರ್ಷಿಕ ಸ್ಪರ್ಧೆಯಲ್ಲಿ ಕಟ್ಟಕಡೆಯವರಾಗಿ ಬಂದು ಗೆದ್ದ ಬಹುಮಾನಗಳು ಅವು. ಈ ದೇಶದಲ್ಲಿ ಕೊನೆಗೆ ಬಂದವರನ್ನೂ ಬರಿಗೈಯಲ್ಲಿ ಕಳಿಸುವುದಿಲ್ಲ. ಮರದ ಸೌಟು ಕೊಟ್ಟು ಚಪ್ಪಾಳೆ ತಟ್ಟುತ್ತಾರೆ. ಅದರಲ್ಲಿ ಮೂರನೆಯ ವರ್ಷದ್ದು ಉಪ್ಪಿಟ್ಟಿಗೆ ಬಹಳ ಒಳ್ಳೆಯದು, ತಳ ಹಿಡಿಯಲು ಬಿಡುವುದಿಲ್ಲ.

ನಮ್ಮವರು ವಿದನ್‌ಶಾ ಕಡೆಯ ದೊಡ್ಡ ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಡಾಕ್ಟರು. ಮೈಸೂರಿನವರು, ಮೆತ್ತಗೆ ಮಾತಾಡುವವರು, ಇರುವೆ ಕಂಡರೆ ದಾಟಿಕೊಂಡು ಹೋಗುವವರು. ಒಂದೇ ಒಂದು ಕಾಯಿಲೆ ಎಂದರೆ ತೀರ್ಮಾನ ಮಾಡಲು ಬರುವುದಿಲ್ಲ. ವಾಷಿಂಗ್ ಮೆಷಿನ್ ಕೊಳ್ಳಲು ಏಳು ತಿಂಗಳು ಹಿಡಿದರು. ಆ ಏಳು ತಿಂಗಳು ಬಟ್ಟೆ ಒಗೆದವಳು ನಾನು. ಮಗಳು ಹುಟ್ಟಿದಾಗ ಹೆಸರಿಗೆ ಹದಿನಾಲ್ಕರ ಪಟ್ಟಿ ಮಾಡಿ, ಒಂದೊಂದರ ಗುಣದೋಷ ಬರೆದು ಕೂತಿದ್ದರು. ರಿಜಿಸ್ಟ್ರಾರ್ ಕೊಟ್ಟ ಗಡುವಿನ ಹಿಂದಿನ ದಿನ ನಾನೇ ಹೋಗಿ ಸುಚೇತಾ ಎಂದು ಬರೆಸಿ ಬಂದೆ. ಆದರೆ ಆಪರೇಷನ್ ಥಿಯೇಟರಿನಲ್ಲಿ ಇವರು ಬೇರೆಯೇ ಮನುಷ್ಯರಂತೆ. ರೋಗಿಯ ಉಸಿರು ಕೈಕೊಟ್ಟರೆ ಅರೆಕ್ಷಣವೂ ತಡೆಯದೆ ಮಾಡಬೇಕಾದ್ದನ್ನು ಮಾಡಿಬಿಡುತ್ತಾರಂತೆ. ಅಂತೆ ಎನ್ನುತ್ತೇನೆ, ಏಕೆಂದರೆ ನಾನು ಕಂಡಿರುವುದು ಟೆಸ್ಕೋ ಅಂಗಡಿಯಲ್ಲಿ ಎರಡು ಬಗೆಯ ಮೊಸರು ಹಿಡಿದು ನಿಂತ ದಿವಾಕರರನ್ನು ಮಾತ್ರ.

ಬಿಲ್ಲಿನ ಕಥೆ ಹೇಳುವ ಮುಂಚೆ ಸೋಫಾದ ಕಥೆ ಹೇಳಬೇಕು. ಇವರು ಕನ್ಸಲ್ಟೆಂಟ್ ಎಂಬ ಹಿರಿಯ ಹುದ್ದೆಗೆ ನಾಲ್ಕು ಊರುಗಳಲ್ಲಿ ನಾಲ್ಕು ಸಲ ಸಂದರ್ಶನಕ್ಕೆ ಹೋದರು. ನಾಲ್ಕು ಸಲವೂ ಟೈ ನಾನೇ ಆರಿಸಿದೆ, ನಾಲ್ಕು ಸಲವೂ ಇಲ್ಲವೆನ್ನುವ ನಯವಾದ ಕಾಗದ ಬಂತು. ನಾಲ್ಕನೆಯದು ಬಂದದ್ದು ಎರಡು ಸಾವಿರದ ಇಸವಿಯಲ್ಲಿ. ಅಂದಿನಿಂದ ಮನುಷ್ಯ ಡ್ಯೂಟಿ ಮುಗಿಸಿ ಬಂದರೆ ಸೋಫಾದ ಎಡತುದಿಯಲ್ಲಿ ಕೂತುಬಿಡುತ್ತಿದ್ದರು. ಟಿವಿ ಓಡುತ್ತಿತ್ತು, ಇವರು ನೋಡುತ್ತಿರಲಿಲ್ಲ. ಊಟಕ್ಕೆ ಕರೆದರೆ ಬರುತ್ತಿದ್ದರು, ತಿನ್ನುತ್ತಿದ್ದರು, ಮತ್ತೆ ಅಲ್ಲೇ. ಆರು ತಿಂಗಳಲ್ಲಿ ಆ ಸೋಫಾ ಇವರ ಅಳತೆಗೆ ಸರಿಯಾಗಿ ಕುಸಿದುಹೋಯಿತು. ಜಗಳಕ್ಕೆ ಕರೆದರೂ ಬರುತ್ತಿರಲಿಲ್ಲ, ಅದೇ ನನಗೆ ಹೆಚ್ಚು ಭಯ ಹುಟ್ಟಿಸಿತ್ತು.

ಆಗ ಆಸ್ಪತ್ರೆಯ ಪೋರ್ಟರ್ ಕೀತ್ ಎಂಬ ದಢೂತಿ ಮನುಷ್ಯ ಒಂದು ಶನಿವಾರ ಬಂದು ಇವರನ್ನು ಮ್ಯಾಕಲ್ಸ್‌ಫೀಲ್ಡ್ ಕಡೆಯ ಕಾಡಿಗೆ ಕರೆದುಕೊಂಡು ಹೋದ. ಸಂಜೆ ಬೂಟಿನ ತುಂಬ ಕೆಸರು ಮಾಡಿಕೊಂಡು ಬಂದವರು "ಚಂದ್ರಾ, ನಾನು ಇವತ್ತು ಕರಡಿಗೆ ಹೊಡೆದೆ ಕಣೇ" ಎಂದರು. ಮೊಟ್ಟೆ ಹಾಕಿದ ಕೇಕನ್ನೇ ಮುಟ್ಟದವರು ಕರಡಿ ಹೊಡೆಯುವುದೆಂದರೇನು? ಆಮೇಲೆ ತಿಳಿಯಿತು. ಈ ದೇಶದಲ್ಲಿ ಬಿಲ್ಲು ಹಿಡಿದು ಪ್ರಾಣಿ ಬೇಟೆಯಾಡಿದರೆ ಪೊಲೀಸರು ಬರುತ್ತಾರೆ. ಅದಕ್ಕೇ ಇವರೆಲ್ಲ ಕಾಡಿನ ತುಂಬ ಸ್ಪಂಜಿನ ಪ್ರಾಣಿಗಳನ್ನು ನಿಲ್ಲಿಸಿ, ಪೊದೆಯ ಹಿಂದೆ ಬಗ್ಗಿ, ಪಿಸುಗುಟ್ಟಿ, ನಿಜವಾದ ಬೇಟೆಗಾರರ ಹಾಗೆಯೇ ಹೊಡೆಯುತ್ತಾರೆ. ಎಷ್ಟು ದೂರ ಎಂದು ಯಾರೂ ಹೇಳುವುದಿಲ್ಲ, ಕಣ್ಣಲ್ಲೇ ಅಂದಾಜು ಮಾಡಬೇಕು. ಡಿಡ್ಸ್‌ಬರಿಯ ಇಂದುಶೇಖರ ಡಾಕ್ಟರು ಕನ್ನಡ ಸಂಘದಲ್ಲಿ ಸಿಕ್ಕಾಗಲೆಲ್ಲ "ಏನಮ್ಮಾ, ಜಿಂಕೆ ಪಲ್ಯಕ್ಕೆ ಯಾವಾಗ ಕರೀತೀರಿ?" ಎಂದು ಕಾಲೆಳೆಯುತ್ತಾರೆ. ನಗಲಿ ಬಿಡಿ. ಅವತ್ತು ಆರು ತಿಂಗಳ ಮೇಲೆ ನನ್ನ ಗಂಡ ಎರಡನೇ ಸಲ ಹುಳಿ ಕೇಳಿ ಹಾಕಿಸಿಕೊಂಡರು. ನನಗೆ ಅಳು ಬಂತು. ಸ್ಪಂಜಿನ ಕರಡಿಗೆ ಮನಸ್ಸಿನಲ್ಲೇ ಒಂದು ತೆಂಗಿನಕಾಯಿ ಒಡೆದೆ.

ಸೌಟುಗಳು ಬರತೊಡಗಿದವು. ಮೊದಲ ನಾಲ್ಕನ್ನು ಇವರು ನಗುತ್ತಲೇ ತಂದರು. ಐದನೆಯದನ್ನು ಕೊಡುವಾಗ ಕೀತ್ ಮೈಕು ಹಿಡಿದು "ಡಾಕ್ಟರು ಇರುವವರೆಗೆ ನಮಗ್ಯಾರಿಗೂ ಭಯವಿಲ್ಲ, ಈ ಹುದ್ದೆ ಅವರಿಗೆ ಪರ್ಮನೆಂಟ್" ಎಂದನಂತೆ. ಎಲ್ಲರೂ ನಕ್ಕರಂತೆ. ಕೀತ್ ಕೆಟ್ಟವನಲ್ಲ, ಪ್ರತಿ ವರ್ಷ ಕೊನೆಯಿಂದ ಎರಡನೆಯವನಾಗಿ ಬರುವವನ ಸಂತೋಷ ಅದು. ಆದರೆ ಇವರಿಗೆ ಎಲ್ಲಿ ತಾಗಬೇಕೋ ಅಲ್ಲೇ ತಾಗಿತು. ಮನೆಗೆ ಬಂದವರೇ ಸೌಟನ್ನು ಟೇಬಲ್ಲಿನ ಮೇಲಿಟ್ಟು ಹೇಳಿದರು.

"ಮುಂದಿನ ವರ್ಷಾನೂ ಇದೇ ಬಂದ್ರೆ ಬಿಲ್ಲು ಮಾರಿಬಿಡ್ತೀನಿ."

"ಏನ್ರೀ, ಒಂದು ಸೌಟಿಗೆ ಇಷ್ಟು ಬೇಜಾರಾ?"

"ಸಾಕು ಚಂದ್ರಾ. ಎಲ್ಲಿ ಹೋದರೂ ನನಗೆ ಇಷ್ಟೇ ಅಂತ ಗೊತ್ತಾದಮೇಲೆ ಯಾಕೆ ಹೋಗ್ಬೇಕು?"

ತೀರ್ಮಾನವೇ ಮಾಡದ ಮನುಷ್ಯ ಒಂದೇ ಮಾತಿನಲ್ಲಿ ತೀರ್ಮಾನ ಹೇಳಿದ್ದು ನೋಡಿ ನನಗೆ ಗಾಬರಿಯಾಯಿತು. ಹೇಳಿ, ಹೋಗಿ, ಸೋಫಾದ ಎಡತುದಿಯಲ್ಲಿ ಕೂತರು. ಆ ಸೋಫಾದ ಮನುಷ್ಯ ನನಗೆ ಮತ್ತೆ ಬೇಡವಾಗಿತ್ತು. ಅವತ್ತಿನಿಂದ ಆ ಹಾಳು ಬಿಲ್ಲಿನ ಬಗ್ಗೆ ಇವರಿಗಿಂತ ನಾನೇ ಹೆಚ್ಚು ತಲೆಕೆಡಿಸಿಕೊಂಡೆ.

ಆಮೇಲೆ ಶುರುವಾದದ್ದೇ ಪಿನ್ನಿನ ಪುರಾಣ.

ಎರಡು ಸಾವಿರದ ಆರನೇ ಇಸವಿ, ಫೆಬ್ರವರಿ. ಅಂಗಡಿಗಳಲ್ಲಿ ಕಾರ್ಡಿಗೆ ಸಹಿ ಹಾಕುವುದು ನಿಂತು, ನಾಲ್ಕಂಕಿಯ ಪಿನ್ ಒತ್ತಲೇಬೇಕು ಎಂದಾದ ತಿಂಗಳು. ಇವರಿಗೆ ಆ ನಂಬರು ನೆನಪಿರುತ್ತಿರಲಿಲ್ಲ. ಕ್ಯಾಷ್ ಕೌಂಟರಿನಲ್ಲಿ ನಿಂತು ನನ್ನ ಮುಖ ನೋಡುತ್ತಿದ್ದರು, ನಾನು ಕನ್ನಡದಲ್ಲಿ ಅಂಕಿಗಳನ್ನು ಹೇಳುತ್ತಿದ್ದೆ. ಇಂಥ ದಿನಗಳಲ್ಲಿ ಒಂದು ಸಂಜೆ ಚಹಾ ಕುಡಿಯುತ್ತಾ ಅಂದರು.

"ಚಂದ್ರಾ, ಒಂದು ಪಿನ್ ಇಟ್ಕೊಳ್ಳೋದೋ ಐದು ಪಿನ್ ಇಟ್ಕೊಳ್ಳೋದೋ ಗೊತ್ತಾಗ್ತಿಲ್ಲ."

"ಒಂದೇ ನೆನಪಿರಲ್ಲ ನಿಮಗೆ. ಐದು ಯಾಕೆ?"

"ದೂರಕ್ಕೆ ಒಂದೊಂದು ಬೇಕಲ್ಲ."

"ದೂರದ ಅಂಗಡಿಗೆ ಬೇರೆ ಪಿನ್ನಾ?"

ಮಗಳು ಸುಚೇತಾ, ಆಗ ಹದಿನೇಳು ವರ್ಷ, ತಲೆಯೆತ್ತಿ ನಮ್ಮಿಬ್ಬರನ್ನೂ ನೋಡಿ "ಓ ಮೈ ಗಾಡ್, ಹೀ ಮೀನ್ಸ್ ದ ಬೋ" ಎಂದಳು. ಕನ್ನಡವೆಲ್ಲ ಅರ್ಥವಾಗುತ್ತದೆ ಅವಳಿಗೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

ಬಿಲ್ಲಿನ ಮೇಲೆ ಗುರಿ ಹಿಡಿಯಲು ಒಂದು ಸಣ್ಣ ಬಳೆಯಂಥದು ಇರುತ್ತದೆ. ಅದರೊಳಗೆ ಸೂಜಿಯಂಥ ಪಿನ್ನು, ಅದರ ತುದಿಯಲ್ಲಿ ಹೊಳೆಯುವ ಚುಕ್ಕೆ. ಚುಕ್ಕೆಯನ್ನು ಜಿಂಕೆಯ ಮೇಲಿಟ್ಟು ಬಾಣ ಬಿಡಬೇಕು. ಬಾಣ ದೂರ ಹೋದಷ್ಟೂ ಕೆಳಗೆ ಬೀಳುತ್ತದಲ್ಲ, ಅದಕ್ಕೆ ಒಂದೊಂದು ದೂರಕ್ಕೂ ಗುರಿ ಬೇರೆ. ಐದು ಪಿನ್ನಿನದರಲ್ಲಿ ಹಸಿರು, ಹಳದಿ, ಕೆಂಪು ಎಂದು ಮೇಲಿಂದ ಕೆಳಗೆ ಸಾಲಾಗಿ ಇರುತ್ತವೆ. ಇಪ್ಪತ್ತು ಗಜಕ್ಕೆ ಒಂದು, ಮೂವತ್ತಕ್ಕೆ ಒಂದು, ಹೀಗೆ. ಒಂದೇ ಪಿನ್ನಿನದಾದರೆ ಪಕ್ಕದಲ್ಲಿ ಒಂದು ತಿರುಗಣೆ. ದೂರವನ್ನು ಮೊದಲೇ ಅಂದಾಜು ಮಾಡಿ, ತಿರುಗಣೆಯ ಪಟ್ಟಿಯ ಮೇಲೆ ಆ ಗೆರೆಗೆ ತಂದು ನಿಲ್ಲಿಸಿ, ಆಮೇಲೆ ಬಿಲ್ಲೆತ್ತಬೇಕು. ಇಷ್ಟೇ. ಇಷ್ಟಕ್ಕೆ ನನ್ನ ಗಂಡ ಆರು ತಿಂಗಳು ತಗೊಂಡರು.

ಅಮೆರಿಕದ ಬೇಟೆ ಪತ್ರಿಕೆಗಳನ್ನು ತರಿಸಿದರು. ಅದರಲ್ಲಿ ಅರ್ಧದಷ್ಟು ಜನ ಐದು ಪಿನ್ನೇ ಸೈ, ನೀವು ತಿರುಗಣೆ ತಿರುಗಿಸುತ್ತಾ ಕೂತರೆ ಜಿಂಕೆ ಕಾಯುವುದಿಲ್ಲ ಎಂದು ಬರೆದಿದ್ದರು. ಇವರು ಅದನ್ನು ಗಂಭೀರವಾಗಿ ಓದಿ ಹೇಳಿದಾಗ ನನಗೆ ರೇಗಿತು.

"ರೀ, ನಿಮ್ಮ ಜಿಂಕೆ ಸ್ಪಂಜಿನದು. ಅದರ ಬೆನ್ನ ಮೇಲೆ ಪಾಚಿ ಬೆಳೆದಿದೆ ಅಂತ ನೀವೇ ಹೇಳಿದ್ರಿ. ಅದೆಲ್ಲಿಗೆ ಹೋಗತ್ತೆ?"

"ಹಾಗಲ್ಲ ಕಣೇ. ಐದು ಪಿನ್ನಿದ್ರೆ ಹೊಡೆಯೋ ಹೊತ್ತಲ್ಲಿ ಯೋಚನೆ, ಯಾವ ಚುಕ್ಕೆ ಅಂತ. ಒಂದೇ ಇದ್ರೆ ಯೋಚನೆಯೆಲ್ಲ ಮೊದಲೇ ಮುಗಿದುಹೋಗತ್ತೆ. ಆದ್ರೆ ಅಂದಾಜು ತಪ್ಪಿದ್ರೆ ಒಂದೇ ಸಲಕ್ಕೆ ಮುಳುಗಿದ ಹಾಗೆ."

"ಹಾಗಾದ್ರೆ ತೊಂದರೆ ಇರೋದು ಪಿನ್ನಲ್ಲಲ್ಲ, ನಿಮ್ಮ ಯೋಚನೇಲಿ."

ಇವರು ಅದನ್ನೂ ಪಟ್ಟಿಯಲ್ಲಿ ಬರೆದುಕೊಂಡರು. ಕೊನೆಗೆ ಎರಡನ್ನೂ ಕೊಂಡು ತಂದರು. ಒಂದು ಶನಿವಾರ ಐದು, ಇನ್ನೊಂದು ಶನಿವಾರ ಒಂದು. ಕೀತ್ ಐದು ಪಿನ್ನಿನ ಪಕ್ಷ. ಕ್ಲಬ್ಬಿನ ನಾಯಕಿ ಬ್ರೆಂಡಾ, ಮೂವತ್ತು ವರ್ಷ ಮನೆಮನೆಗೆ ಟಪಾಲು ಹಂಚಿ ನಿವೃತ್ತಳಾದವಳು, ಒಂದೇ ಪಿನ್ನಿನ ಪಕ್ಷ. ಇವರು ಇಬ್ಬರ ಮಾತೂ ಸರಿ ಎಂದು ತಲೆಯಾಡಿಸಿ ಬರುತ್ತಿದ್ದರು. ಆಗಸ್ಟಿನಲ್ಲಿ ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು, "ಇವತ್ತು ಒಂದನ್ನ ಇಟ್ಕೊಳ್ಳಿ, ಇಲ್ದಿದ್ರೆ ಎರಡನ್ನೂ ಸೌಟಿನ ಜೊತೆ ನೇತುಹಾಕ್ತೀನಿ" ಎಂದೆ. ಒಂದು ಪಿನ್ನಿನದು ಗೆದ್ದಿತು. ಆ ತಿಂಗಳೆಲ್ಲ ಇವರು ಕಾಡಿನಲ್ಲಿ ಒಂದೊಂದು ದೂರಕ್ಕೂ ಹತ್ತಾರು ಬಾಣ ಬಿಟ್ಟು, ಪಿನ್ನು ಸರಿಯಾದ ಜಾಗಕ್ಕೆ ಬಂದಾಗ ತಿರುಗಣೆಯ ಬಿಳಿ ಪಟ್ಟಿಯ ಮೇಲೆ ಕೂದಲಿನಷ್ಟು ತೆಳ್ಳಗೆ ಪೆನ್ನಿನಲ್ಲಿ ಗೆರೆ ಎಳೆದುಕೊಂಡರು. ಸೆಪ್ಟೆಂಬರಿನಲ್ಲಿ ಮೊದಲ ಸಲ, ಊಟ ಮಾಡುತ್ತಾ, "ಈ ಸಲ ಸೌಟು ಬರಲ್ಲ ಅನ್ಸತ್ತೆ" ಎಂದರು.

ಆ ವರ್ಷ ಆಯುಧಪೂಜೆಯೂ ಸ್ಪರ್ಧೆಯೂ ಒಂದೇ ಭಾನುವಾರ ಬಿದ್ದವು. ಪೂಜೆಗಿಟ್ಟ ಆಯುಧವನ್ನು ಅವತ್ತು ಮುಟ್ಟುವಂತಿಲ್ಲ. ಆದರೆ ಇಲ್ಲಿ ನಮ್ಮ ಪಂಚಾಂಗ ನಡೆಯುವುದು ಆಸ್ಪತ್ರೆಯ ಡ್ಯೂಟಿ ರೋಟಾ ನೋಡಿಕೊಂಡು. ಇವರು ಶನಿವಾರ ಡ್ಯೂಟಿಗೆ ಹೋದಾಗ ಮಧ್ಯಾಹ್ನವೇ ಪೂಜೆ ಮುಗಿಸಿಬಿಟ್ಟೆ. ಕಸ ಎಳೆಯುವ ಹೂವರ್, ಮಿಕ್ಸಿ, ಸುಚೇತಾಳ ಕಂಪ್ಯೂಟರ್, ಇವರ ಹಳೆಯ ಸ್ಟೆತಸ್ಕೋಪು, ಎಲ್ಲಕ್ಕೂ ಗಂಧ, ಕುಂಕುಮ, ಹೂವು. ನನ್ನ ಕಾರಿನ ಚಕ್ರಕ್ಕೆ ನಿಂಬೆಹಣ್ಣು ಇಟ್ಟಾಗ ಪಕ್ಕದ ಮನೆಯಾಕೆ ಬೇಲಿಯ ಮೇಲಿಂದ ನೋಡಿ, ನಿಂಬೆ ಇದೆ, ಕುಡಿಯಲು ಜಿನ್ ಎಲ್ಲಿ ಎಂದು ಕೇಳಿದಳು. ಕೊನೆಗೆ ಬಿಲ್ಲು. ಮಾರುವ ಮಾತು ನೆನಪಾಗಿ ಅದಕ್ಕೆ ಒಂದು ಕೈ ಹೆಚ್ಚೇ ಸೇವೆ ಮಾಡಿದೆ. ಕೊಳೆಯಿದ್ದ ಆಯುಧಕ್ಕೆ ಪೂಜೆ ಮಾಡುತ್ತಾರೆಯೇ? ಪಾತ್ರೆ ತೊಳೆಯುವ ಸೋಪಿನಲ್ಲಿ ಬಟ್ಟೆ ಅದ್ದಿ, ಮೂಲೆಮೂಲೆ ಬಿಡದೆ, ಫಳಫಳ ಎನ್ನುವ ಹಾಗೆ ಒರೆಸಿ, ಪಿನ್ನಿನ ತಲೆಗೆ ಒಂದು ಚಿಕ್ಕ ಕುಂಕುಮ ಇಟ್ಟು, ಮತ್ತೆ ಪೆಟ್ಟಿಗೆಯಲ್ಲಿಟ್ಟೆ. ಕೈಮುಗಿದು, ಇವರು ಒಬ್ಬರನ್ನಾದರೂ ಸೋಲಿಸುವ ಹಾಗೆ ಮಾಡಪ್ಪಾ ಎಂದು ಬೇಡಿಕೊಂಡೆ.

ಭಾನುವಾರ ಮೂವರೂ ಹೊರಟೆವು. ಸ್ಪರ್ಧೆ ಮುಗಿದಮೇಲೆ ನೇರವಾಗಿ ಕನ್ನಡ ಸಂಘದ ದಸರಾ ಕಾರ್ಯಕ್ರಮಕ್ಕೆ ಹೋಗಬೇಕಿತ್ತು, ಅಲ್ಲಿ ನನ್ನದೊಂದು ಹಾಡಿತ್ತು. ಉಡಲು ಹೊಸ ಮೈಸೂರು ಸಿಲ್ಕ್ ಸೀರೆಯನ್ನು, ಕುಂಕುಮದ ಬಣ್ಣ, ಬಂಗಾರದ ಅಂಚು, ಚೀಲದಲ್ಲಿ ಮಡಚಿಟ್ಟುಕೊಂಡಿದ್ದೆ. ಎರಡು ವರ್ಷ ಬೀರುವಿನಲ್ಲಿಟ್ಟು ಕಾಯಿಸಿದ ಸೀರೆ ಅದು.

ಕಾಡಿನ ಅಂಚಿನಲ್ಲಿ ಕಾರು ನಿಲ್ಲಿಸಿ ಇವರು ಪೆಟ್ಟಿಗೆ ತೆಗೆದರು. ಕುಂಕುಮ ನೋಡಿ ನಕ್ಕರು. ಆಮೇಲೆ ಬಿಲ್ಲನ್ನು ತಿರುಗಿಸಿ ನೋಡಿದರು, ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು. ನಗು ಇಳಿಯಿತು.

"ಚಂದ್ರಾ, ಇಲ್ಲಿ ಗೆರೆಗಳಿದ್ವಲ್ಲ?"

"ಯಾವ ಗೆರೆ?"

"ಬಿಳಿ ಪಟ್ಟಿ ಮೇಲೆ. ಪೆನ್ನಿಂದು."

ಒರೆಸುವಾಗ ಅದೇನೋ ಸಣ್ಣ ಸಣ್ಣ ಕೊಳೆ ಹಟ ಮಾಡಿತ್ತು, ಉಗುರು ಹಾಕಿ ಉಜ್ಜಿದ್ದು ನೆನಪಾಯಿತು.

"ನಾನು... ಕೊಳೆ ಅಂದ್ಕೊಂಡೆ ರೀ."

ಬೈಯಲಿ ಎಂದು ಕಾದೆ. ಬೈಯಲಿಲ್ಲ. ಪೆಟ್ಟಿಗೆ ಮುಚ್ಚಿ "ಹೋಗ್ಲಿ ಬಿಡು, ಮನೆಗೆ ಹೋಗೋಣ" ಎಂದರು. ಆ ದನಿ ನನಗೆ ಗೊತ್ತಿತ್ತು. ಸೋಫಾದ ಎಡತುದಿಯ ದನಿ ಅದು. ಬಿಲ್ಲು ಅಲ್ಲೇ, ಆ ಕಾರು ನಿಲ್ಲಿಸುವ ಜಾಗದಲ್ಲೇ ಅರ್ಧ ಮಾರಾಟವಾಗಿಹೋಗಿತ್ತು, ಮಾರಿಸಿದವಳು ನಾನು.

"ಇನ್ನೂ ಒಂದು ಗಂಟೆ ಟೈಮಿದೆ. ಮತ್ತೆ ಎಳ್ಕೊಳ್ಳಿ ಗೆರೆ."

"ಎಷ್ಟು ದೂರಕ್ಕೆ ಎಲ್ಲಿ ಅಂತ ಗೊತ್ತಾಗ್ಬೇಕಲ್ಲ. ಅಳೆಯೋಕೆ ಏನೂ ಇಲ್ಲ. ಐದು ಪಿನ್ನಿಂದು ಮನೇಲಿದೆ."

ಬ್ರೆಂಡಾಳನ್ನು ಹುಡುಕಿ ಅಳತೆ ಟೇಪು ಕೇಳಿದೆ. ಸ್ಪರ್ಧೆಯ ದಿನ ಟೇಪಾಗಲಿ, ದೂರ ತೋರಿಸುವ ಯಂತ್ರವಾಗಲಿ ಆವರಣದೊಳಗೆ ಇರಲೇಬಾರದು, ಅದೇ ನಿಯಮ ಎಂದಳು. ಸುಚೇತಾ "ಡ್ಯಾಡ್, ಜಸ್ಟ್ ಪೇಸ್ ಇಟ್" ಎಂದಳು. ಇವರು ಹೆಜ್ಜೆ ಹಾಕಿ ನೋಡಿದರು. ಜಾರುವ ಹುಲ್ಲಿನಲ್ಲಿ ಒಂದು ಹೆಜ್ಜೆ ಆನೆಯದು, ಇನ್ನೊಂದು ಕೋಳಿಯದು. ಹೋಗುವಾಗ ಇಪ್ಪತ್ತೆರಡಾದದ್ದು ಬರುವಾಗ ಇಪ್ಪತ್ತೇಳಾಯಿತು.

ನಾನು ತುಮಕೂರಿನ ಜವಳಿ ಅಂಗಡಿಯ ಮಗಳು. ನಮ್ಮಪ್ಪ ಗಜಕಡ್ಡಿ ಹಿಡಿದು ಬಟ್ಟೆ ಅಳೆಯುವುದನ್ನು ನೋಡುತ್ತಾ ಬೆಳೆದವಳು. ಗಜ ಎಂಬ ಶಬ್ದ ತಲೆಯಲ್ಲಿ ಸುತ್ತುತ್ತಿತ್ತು. ಗಜ, ಗಜ, ಆರು ಗಜ. ಕಾರಿನ ಹತ್ತಿರ ಓಡಿಹೋಗಿ ಚೀಲ ತಂದೆ. ಒಂದು ನಿಮಿಷ ಆ ಬಂಗಾರದ ಅಂಚನ್ನು ನೋಡಿದೆ. ಆಮೇಲೆ ಕೊಡವಿ ಬಿಚ್ಚಿಬಿಟ್ಟೆ.

"ಅಯ್ಯೋ, ಏನ್ಮಾಡ್ತಿದೀಯಾ? ಅದು ಹೊಸದು ಕಣೇ."

"ತುದಿ ಹಿಡ್ಕೊಳ್ಳಿ. ಆರು ಗಜ, ಒಂದು ಅಂಗುಲ ಹೆಚ್ಚಿಲ್ಲ ಕಡಿಮೆಯಿಲ್ಲ, ಬ್ಲೌಸ್ ಪೀಸ್ ಕತ್ತರಿಸಿ ಆಗಿದೆ."

ಬ್ರೆಂಡಾ ಸೀಟಿ ಊದಿ ಅಭ್ಯಾಸ ಮಾಡುತ್ತಿದ್ದವರನ್ನು ನಿಲ್ಲಿಸಿದಳು. ಜೇಬಿನಿಂದ ನಿಯಮದ ಪುಸ್ತಕ ತೆಗೆದು, ಪುಟ ತಿರುವಿ, ಸೀರೆಯ ಬಗ್ಗೆ ಇದರಲ್ಲಿ ಏನೂ ಇಲ್ಲ, ಆದರೆ ಅಭ್ಯಾಸದ ಮೈದಾನದಲ್ಲಿ ಮಾತ್ರ, ಕಾಡಿನೊಳಗೆ ತರುವಂತಿಲ್ಲ ಎಂದು ತೀರ್ಪು ಕೊಟ್ಟಳು. ಗುರಿಹಲಗೆಯಿಂದ ಹಿಂದಕ್ಕೆ ಒಂದು ಸೀರೆ, ಅಲ್ಲೊಂದು ಗೂಟ, ಮತ್ತೆ ಒಂದು ಸೀರೆ, ಮತ್ತೊಂದು ಗೂಟ. ಗಾಳಿಗೆ ಹಾರಾಡುತ್ತಿತ್ತು. ಬೇಟೆಗಾರರ ಪಚ್ಚೆ ಮಚ್ಚೆಯ ಅಂಗಿ ತೊಟ್ಟ ನಾಲ್ಕು ಗಂಡಸರು ಬಂದು, ಅಂಚು ಸುಕ್ಕಾಗದ ಹಾಗೆ ಬೆರಳತುದಿಯಲ್ಲಿ ಹಿಡಿದುಕೊಂಡರು. ಕೀತ್ ಸೆರಗಿನ ಕಡೆ ನಿಂತು, ಇಷ್ಟು ನಯವಾದದ್ದನ್ನು ತಾನು ಈವರೆಗೆ ಮುಟ್ಟಿಲ್ಲ ಎಂದ. ಅವನ ಬೂಟಿನ ಕೆಸರು ಅದರ ಮೇಲೆ ಬಿದ್ದಿತ್ತು. ನಾನು ಆ ಕಡೆ ನೋಡಲಿಲ್ಲ.

ಇವರು ಒಂದೊಂದು ಗೂಟದ ಹತ್ತಿರ ನಿಂತು ಬಾಣ ಬಿಟ್ಟು, ಸರಿಮಾಡಿ, ಮತ್ತೆ ಬಿಟ್ಟು, ಸುಚೇತಾಳ ಪೆನ್ನಿನಲ್ಲಿ ಪಟ್ಟಿಯ ಮೇಲೆ ಗೆರೆ ಎಳೆದರು. ಗಜದ ಲೆಕ್ಕ ಬರೆಯಲು ಹೊತ್ತಿರಲಿಲ್ಲ. ಮೂರು, ನಾಲ್ಕು, ಐದು, ಆರು, ಏಳು, ಎಂಟು ಎಂದು ಕನ್ನಡದ ಅಂಕಿಗಳನ್ನೇ ಹಾಕಿಕೊಂಡರು. ಕೀತ್ ಇಣುಕಿ ನೋಡಿ ಇದ್ಯಾವ ಅಳತೆ ಎಂದು ಕೇಳಿದ.

"ಸಾರೀಸ್" ಎಂದರು ನಮ್ಮವರು, ಬಹಳ ಗಂಭೀರವಾಗಿ.

ಅವನು ಕ್ಷಮೆ ಕೇಳುತ್ತಿದ್ದಾರೆಂದು ತಿಳಿದು ಪರವಾಗಿಲ್ಲ ಬಿಡಿ ಎಂದ.

ಇಪ್ಪತ್ತು ಪ್ರಾಣಿಗಳು, ಒಂದೊಂದಕ್ಕೆ ಒಂದೇ ಬಾಣ. ನೋಡಲು ಬಂದವರು ದೂರದ ಬಗ್ಗೆ ಬಾಯಿ ಬಿಟ್ಟರೆ ಹೊಡೆಯುವವರ ಅಂಕಗಳೆಲ್ಲ ಹೋಗುತ್ತವೆ ಎಂದು ಬ್ರೆಂಡಾ ನನ್ನ ಕಡೆಗೇ ನೋಡಿ ಹೇಳಿದಳು. ಮೂರು ಗಂಟೆಯ ಕಾಲ ನಾನು ಬಾಯಿ ಮುಚ್ಚಿಕೊಂಡು ನಡೆದೆ. ಮದುವೆಯಾಗಿ ಇಪ್ಪತ್ತು ವರ್ಷದಲ್ಲಿ ಇಂಥದ್ದು ನಡೆದಿರಲಿಲ್ಲ. ಮೊದಲ ನಾಲ್ಕು ಪ್ರಾಣಿ ತಪ್ಪಿದವು. ಐದನೆಯದು ಒಂದು ಕಾಡುಹಂದಿ. ಇವರು ತಿರುಗಣೆ ಮುಟ್ಟುವ ಮುಂಚೆ ಬಿಲ್ಲನ್ನು ಕಾಲಿಗೊರಗಿಸಿ, ಎರಡೂ ಕೈ ಮುಂದೆ ಚಾಚಿ, ಏನನ್ನೋ ಹಿಡಿದು ಎಳೆದ ಹಾಗೆ ಮಾಡಿದರು. ತಿರುಗಣೆ ತಿರುಗಿಸಿದರು, ಬಿಟ್ಟರು. ಹಂದಿಯ ಹೊಟ್ಟೆಗೆ ಬಾಣ ತಾಗಿತು. ಆಮೇಲೆ ಪ್ರತಿ ಸಲ ಹಾಗೇ. ನರಿಗೆ ತಾಗಿತು, ಮೊಲ ತಪ್ಪಿತು, ತೋಳಕ್ಕೆ ತಾಗಿತು. ಒಂದು ನವಿಲಿನಂಥ ಕೋಳಿಗೂ ತಾಗಿತು.

"ಅದೇನ್ರೀ ಕೈಯಲ್ಲಿ ಮಾಡೋದು?" ಎಂದು ದಾರಿಯಲ್ಲಿ ಕೇಳಿದೆ. ಅದು ದೂರದ ಮಾತಲ್ಲವಷ್ಟೆ.

"ಸೀರೆ ಹಿಂಡೋದು. ಅಮ್ಮ ತಾರಸಿ ಮೇಲೆ ಒಗೆದ ಸೀರೆ ಹಿಂಡುವಾಗ ಇನ್ನೊಂದು ತುದಿ ನಾನೇ ಹಿಡೀಬೇಕಿತ್ತು, ದಿನಾ. ಒಂದು ಸೀರೆ ಎಷ್ಟು ದೂರ ಅಂತ ಕೈಗೇ ಗೊತ್ತು ಕಣೇ. ಗಜ ಅಂದ್ರೆ ನನಗೆ ಈಗ್ಲೂ ಲೆಕ್ಕ ಮಾಡ್ಬೇಕು."

ಐದು ವರ್ಷ ಈ ಮನುಷ್ಯ ಪರೀಕ್ಷೆ ಬರೆಯುವ ಹಾಗೆ ಬಾಣ ಬಿಟ್ಟದ್ದು ಅಂತ ನನಗೆ ಆಗ ಅರ್ಥವಾಯಿತು.

ಕೊನೆಯದು ಜಿಂಕೆ. ಹಳ್ಳದ ಆಚೆ, ಮರಗಳ ನೆರಳಿನಲ್ಲಿ, ಬೆನ್ನ ಮೇಲೆ ಪಾಚಿ ಹೊತ್ತು ನಿಂತಿತ್ತು. ಕೀತ್ ಇವರ ಗುಂಪಿನಲ್ಲೇ ಇದ್ದ. ಅಂಕದ ಚೀಟಿ ಬರೆಯುತ್ತಿದ್ದ ಸುಚೇತಾ ನನ್ನ ಕಿವಿಯಲ್ಲಿ "ದೇ ಆರ್ ಲೆವೆಲ್, ಮಮ್" ಎಂದಳು. ಇಬ್ಬರದೂ ಸಮ. ಕೀತ್ ಮೊದಲು ನಿಂತ. ಬಿಲ್ಲೆಳೆದು, ಹಳದಿಯೋ ಕೆಂಪೋ ಎಂದು ತನ್ನಷ್ಟಕ್ಕೆ ಗೊಣಗಿ, ಕೈ ನಡುಗುವವರೆಗೆ ಯೋಚಿಸಿ ಬಿಟ್ಟ. ಬಾಣ ಜಿಂಕೆಯ ಕಿವಿಯ ಮೇಲಿಂದ ಹಾದುಹೋಗಿ ಕಾಡು ಸೇರಿತು.

ಇವರು ನಿಂತರು. ಜಿಂಕೆಯನ್ನು ನೋಡಿದರು. ತಿರುಗಣೆಯನ್ನು ಐದಕ್ಕೆ ತಂದರು.

ಐದಲ್ಲ. ಹಳ್ಳ ನಡುವೆ ಬಂದರೆ ಆಚೆಯದು ಹತ್ತಿರ ಕಾಣುತ್ತದೆ. ಅದು ಆರು, ಜವಳಿ ಅಂಗಡಿಯ ಮಗಳ ಕಣ್ಣಿಗೆ ಅದು ಚೊಕ್ಕವಾಗಿ ಆರು. ನನ್ನ ನಾಲಿಗೆಯ ತುದಿಗೆ ಬಂದಿತ್ತು. ಕನ್ನಡದಲ್ಲಿ ಅಂದರೆ ಬ್ರೆಂಡಾಳಿಗೇನು ಗೊತ್ತಾಗುತ್ತದೆ? ಕ್ಯಾಷ್ ಕೌಂಟರಿನಲ್ಲಿ ಹೇಳುವ ಹಾಗೆ ಒಂದೇ ಒಂದು ಅಂಕಿ. ಇವರು ತಿರುಗಿ ನನ್ನ ಮುಖ ನೋಡಿದರು, ಪಿನ್ನು ಮರೆತಾಗ ನೋಡುವ ಹಾಗೆಯೇ. ನಾನು ಶಾಲಿನ ತುದಿಯನ್ನು ಬಾಯಿಗೆ ತುರುಕಿಕೊಂಡು ನೆಲ ನೋಡಿದೆ. ನಾನು ಹೇಳಿಕೊಟ್ಟು ಬಂದ ಗೆಲುವು ಇವರನ್ನು ಸೋಫಾದಿಂದ ಎಬ್ಬಿಸುವುದಿಲ್ಲ ಎಂದು ಆ ಕ್ಷಣ ನನಗೆ ಗೊತ್ತಿತ್ತು, ಹೇಗೆ ಗೊತ್ತಿತ್ತೋ ಗೊತ್ತಿಲ್ಲ.

ತಲೆಯೆತ್ತಿದಾಗ ಇವರು ಬಿಲ್ಲನ್ನು ಕಾಲಿಗೊರಗಿಸಿ ಕೈ ಚಾಚಿದ್ದರು. ಹಿಡಿದು, ಎಳೆದು, ಒಂದು, ಎರಡು, ತುಟಿ ಅಲ್ಲಾಡುತ್ತಿತ್ತು. ಹಳ್ಳದ ಹತ್ತಿರ ಒಂದು ಕ್ಷಣ ತಡೆದರು. ಆಮೇಲೆ ಬಿಲ್ಲೆತ್ತಿಕೊಂಡು ತಿರುಗಣೆಯನ್ನು ಇನ್ನೊಂದು ಗೆರೆ ತಿರುಗಿಸಿದರು. ಎಳೆದರು, ಬಿಟ್ಟರು. ಥಪ್ ಎಂದು ಸದ್ದು ಬಂತು. ಬಾಣ ಜಿಂಕೆಯ ಪಕ್ಕೆಯಲ್ಲಿ ನಿಂತಿತ್ತು.

ಮೂವತ್ತೊಂದು ಜನರಲ್ಲಿ ನನ್ನ ಗಂಡ ಮೂವತ್ತನೆಯವರಾಗಿ ಬಂದರು. ಸೌಟು ಕೀತ್‌ಗೆ ಹೋಯಿತು. ಅವನು ಅದನ್ನು ತಲೆಯ ಮೇಲೆತ್ತಿ ಹಿಡಿದು, ನಮ್ಮವರನ್ನು ಅಪ್ಪಿಕೊಂಡು, ಮುಂದಿನ ವರ್ಷ ತನಗೂ ಒಂದು ಸೀರೆ ಬೇಕು ಎಂದ. ಮೊದಲನೆಯವರಿಗೆ ಏನು ಕೊಟ್ಟರೋ ನಾನು ನೋಡಲಿಲ್ಲ. ಕಾರಿನಲ್ಲಿ ಇವರು ಸಂಘದ ಬಾಗಿಲು ಬರುವವರೆಗೆ ಇಪ್ಪತ್ತೂ ಪ್ರಾಣಿಗಳ ಕಥೆಯನ್ನು, ನಾವು ಅಲ್ಲಿರಲೇ ಇಲ್ಲವೇನೋ ಎಂಬಂತೆ, ಒಂದೂ ಬಿಡದೆ ಹೇಳಿದರು. ಸಂಘದಲ್ಲಿ ನಾನು ಬೆಳಗಿನಿಂದ ತೊಟ್ಟಿದ್ದ ಕಾಟನ್ ಚೂಡಿದಾರದಲ್ಲೇ ಹಾಡಿದೆ. ಬೂಟು ಬಿಚ್ಚುವುದನ್ನು ಮರೆತಿದ್ದೆ.

ಸೀರೆಯನ್ನು ಡ್ರೈಕ್ಲೀನಿಂಗಿಗೆ ಕೊಟ್ಟೆ. ಅಂಚಿನ ಹತ್ತಿರ ಅಂಗೈಯಗಲದ ಕಲೆ ಉಳಿಯಿತು. ಸೀರೆಯನ್ನು ಬೀರುವಿನ ತಳಕ್ಕೆ ಹಾಕಿ ಮರೆತೆ. ಬ್ರೆಂಡಾ ತಿರುಗಣೆಗೆ ಅಚ್ಚು ಹಾಕಿದ ಅಂಕಿಗಳ ಹೊಸ ಪಟ್ಟಿ ಕೊಡುತ್ತೇನೆ ಎಂದರೆ ಇವರು ಬೇಡ ಎಂದುಬಿಟ್ಟರಂತೆ, ಗುಣದೋಷದ ಪಟ್ಟಿ ಗಿಟ್ಟಿ ಮಾಡದೆ, ನಿಂತ ನಿಲುವಿನಲ್ಲೇ. ಐದು ಪಿನ್ನಿನದನ್ನು ಕೀತ್‌ಗೇ ಕೊಟ್ಟುಬಿಟ್ಟರು.

ಮರುವರ್ಷ ಆಯುಧಪೂಜೆ ಶನಿವಾರ ಬಂತು. ಇವರಿಗೆ ರಜೆ. ನಾನು ಸೋಪಿನ ಬಟ್ಟೆ ಹಿಡಿದು ಬರುವಷ್ಟರಲ್ಲಿ ಇವರೇ ಎಲ್ಲವನ್ನೂ ಮಣೆಯ ಮೇಲೆ ಜೋಡಿಸಿಟ್ಟಿದ್ದರು. ಸ್ಟೆತಸ್ಕೋಪು, ಮಿಕ್ಸಿ, ಬಿಲ್ಲು. ಬಿಲ್ಲಿನ ಪಟ್ಟಿಯ ಮೇಲಿನ ಕನ್ನಡದ ಅಂಕಿಗಳ ಮೇಲೆ ನನ್ನ ಬಣ್ಣವಿಲ್ಲದ ಉಗುರಿನ ಪಾಲಿಶ್ ಬಳಿದು ಭದ್ರ ಮಾಡಿದ್ದರು. ಬಿಲ್ಲಿನ ಪಕ್ಕದಲ್ಲಿ ಆ ಸೀರೆ ಇತ್ತು, ಕಲೆ ಮೇಲೆ ಕಾಣುವ ಹಾಗೆ ಮಡಚಿ.

"ಇದ್ಯಾಕ್ರೀ ಇಲ್ಲಿ? ಇದೇನು ಆಯುಧಾನಾ?"

"ಮತ್ತಿನ್ನೇನು?" ಎಂದು, ಇವರು ಗಂಧದಲ್ಲಿ ಬೆರಳದ್ದಿ ಸೀರೆಯ ಅಂಚಿಗೆ ಒಂದು ಬೊಟ್ಟಿಟ್ಟರು.

ಸೋಪಿನ ಬಟ್ಟೆಯನ್ನು ಸಿಂಕಿನಲ್ಲಿ ಹಾಕಿ ಬಂದು ಪಕ್ಕದಲ್ಲಿ ಕೂತೆ. ಆ ವರ್ಷ ನಾನು ಏನನ್ನೂ ಒರೆಸಲಿಲ್ಲ.